ರೇಡಿಯಂ ನೀರಿನ ಸೀಸೆ

ವಿಯೆನ್ನಾ,
9 ನವೆಂಬರ್ 1928

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಲಿಂಟ್ಸ್‌ನಲ್ಲಿ ಆಗಲೇ ಚಳಿ ಶುರುವಾಗಿರಬೇಕು. ಉಣ್ಣೆಯ ಕಾಲುಚೀಲ ಹಾಕಿಕೊಳ್ಳದೆ ಮಾರ್ಕೆಟ್ಟಿಗೆ ಹೋಗಬೇಡ. ನೀನು ಕಳಿಸಿದ ಗಸಗಸೆ ಕೇಕ್ ತಲುಪಿತು. ಪ್ರಯೋಗಶಾಲೆಯೊಳಗೆ ಏನೂ ತಿನ್ನುವ ಹಾಗಿಲ್ಲವಾದ್ದರಿಂದ ನಾವು ಐದು ಜನ ಹೆಂಗಸರು ಬೀದಿಯಲ್ಲಿ ನಡುಗುತ್ತಾ ನಿಂತು ಅದನ್ನು ಮುಗಿಸಿದೆವು.

ಈಗ ಆ ತಂತಿಯ ವಿಷಯಕ್ಕೆ ಬರುತ್ತೇನೆ. ‘ನೀರು ಕುಡಿಯಬೇಡ, ಚೆಲ್ಲು’ ಎಂದು ನಾನು ಕಳಿಸಿದ್ದೇನೋ ನಿಜ. ಆದರೆ ನೀನು ಹನ್ನೊಂದು ಸೀಸೆ ಚರಂಡಿಗೆ ಸುರಿದದ್ದೂ ಸಾಲದೆ, ಮಂಡಿನೋವಿಗೆಂದು ಆ ರೇಡಿಯಂ ನೀರು ಮಾರಿದ ಹೋಲ್ಟ್ಸರ್‌ನ ಕೋಟನ್ನು ಚರ್ಚಿನ ಮೆಟ್ಟಿಲ ಮೇಲೆ ಹಿಡಿದು “ವಿಷ ಮಾರ್ತೀಯೇನೋ, ನಿನ್ನ ಮುಖಕ್ಕಿಷ್ಟು!” ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತೀ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಿನ್ನ ಪತ್ರ ಓದಿ ಮೊದಲು ನಕ್ಕೆ, ಆಮೇಲೆ ಬೆವರಿದೆ. ತಪ್ಪು ನನ್ನದು ಅಮ್ಮಾ.

ಇಲ್ಲಿಯ ಮಡಿ ನಿನಗೆ ಗೊತ್ತಿಲ್ಲ. ಕೆಳಗಿನ ಮಹಡಿಯ ರಸಾಯನಶಾಸ್ತ್ರದವರು ರೇಡಿಯಂ ಕುದಿಸಿ, ಸೋಸಿ ಮಾಡುತ್ತಾರೆ. ಮೇಲಿನ ಮಹಡಿಯಲ್ಲಿ ನಾವು ಅದನ್ನು ಅಳೆಯುತ್ತೇವೆ. ಅಳೆಯುವ ಪೆಟ್ಟಿಗೆಯೊಳಗೆ ಒಂದು ಚಿನ್ನದ ರೇಕು ಎದ್ದು ನಿಂತಿರುತ್ತದೆ. ರೇಡಿಯಂ ಹತ್ತಿರ ಬಂದರೆ ಬಿದ್ದುಹೋಗುತ್ತದೆ. ಕೆಳಗಿನವರ ತೋಳಿನ ಒಂದು ಕಣ ಧೂಳು ನಮಗೆ ಅಂಟಿದರೂ ಸಾಕು, ವಾರದ ಲೆಕ್ಕವೆಲ್ಲ ಹಾಳು. ಅದಕ್ಕೇ ಕ್ರಿಸ್‌ಮಸ್ ದಿನವೂ ಯಾರೂ ಯಾರ ಕೈಯನ್ನೂ ಕುಲುಕುವುದಿಲ್ಲ. ನಮ್ಮ ಮುಖ್ಯಸ್ಥೆ ಡಾಕ್ಟರ್ ಟ್ರೆಂಕ್, ತಮ್ಮ ಕೈಗೆ ಮುತ್ತಿಡಲು ಬಗ್ಗಿದ ಹಿರಿಯ ಪ್ರೊಫೆಸರೊಬ್ಬರಿಗೆ “ಅಲ್ಲೇ ನಿಲ್ಲಿ! ನಿಮ್ಮ ಮರ್ಯಾದೆ ನಿಮ್ಮ ಹತ್ರಾನೇ ಇರಲಿ” ಎಂದಿದ್ದರು.

ಹೋದ ತಿಂಗಳು ನೀನು ಹೋಲ್ಟ್ಸರ್‌ನ ಸೀಸೆಯೊಂದನ್ನು ಕಳಿಸಿ, “ಅವನು ರೇಡಿಯಂ ಮಾರೋನು, ನೀನು ರೇಡಿಯಂ ಓದಿದೋಳು, ಇಂಥ ಜೋಡಿ ಎಲ್ಲಿ ಸಿಗುತ್ತೆ ಕಣೆ?” ಎಂದು ಬರೆದಿದ್ದೆಯಲ್ಲ. ಕುತೂಹಲಕ್ಕೆ ಅದನ್ನು ಕೈಯಲ್ಲಿ ಹಿಡಿದು ಪೆಟ್ಟಿಗೆಯ ಬಳಿ ಹೋದೆ. ರೇಕು ಥಟ್ಟನೆ ಬಿತ್ತು! ಕೆಳಗಿನವರ ಬೆರಳ ತುದಿಗಳು ಸುಟ್ಟು ಒಡೆದಿರುವುದನ್ನು ದಿನವೂ ನೋಡುತ್ತೇನೆ. ನೀನು ದಿನಕ್ಕೆರಡು ಲೋಟ ಅದನ್ನೇ ಕುಡಿಯುತ್ತಿದ್ದೀಯ ಎಂದು ನೆನೆದು ನನ್ನ ಜೀವ ಬಾಯಿಗೆ ಬಂತು. ಅಳುತ್ತಲೇ ಆ ತಂತಿ ಕೊಡಲು ಅಂಚೆ ಕಚೇರಿಗೆ ಓಡಿದೆ.

ಮರುದಿನ ಡಾಕ್ಟರ್ ಟ್ರೆಂಕ್ ವಿಷಯ ಕೇಳಿ, “ಸೀಸೆ ಇಟ್ಟು ನೀನು ಆಚೆ ಹೋಗು” ಎಂದರು. ಸೀಸೆ ಒಂದೇ ಇದ್ದಾಗ ರೇಕು ಮಿಸುಕಲೇ ಇಲ್ಲ. “ಈಗ ಸೀಸೆ ಬಿಟ್ಟು ನೀನು ಬಾ.” ಬಂದೆ, ಬಿತ್ತು. ಹೋಲ್ಟ್ಸರ್‌ನ ನೀರಿನಲ್ಲಿ ನೀರಲ್ಲದೆ ಬೇರೇನೂ ಇಲ್ಲ ಅಮ್ಮಾ. ಅವನು ವಿಷ ಹಾಕುವವನಲ್ಲ, ಬರೀ ಸುಳ್ಳ. ಚರ್ಚಿನಲ್ಲಿ ಸಿಕ್ಕರೆ ‘ವಿಷ’ ಎಂಬ ಮಾತನ್ನಷ್ಟೇ ವಾಪಸ್ ತೆಗೆದುಕೋ, ಉಳಿದ ಬೈಗುಳ ಹಾಗೇ ಇರಲಿ.

ಆಮೇಲೆ ಅವರು ದರ್ಜಿಯ ಹಾಗೆ ನನ್ನನ್ನೇ ಅಳೆಯತೊಡಗಿದರು. ಕೈಯಲ್ಲಿ ಸ್ವಲ್ಪ, ತೋಳಿನಲ್ಲಿ ಇನ್ನಷ್ಟು, ಎಡಹೆಗಲಲ್ಲಿ ಎಲ್ಲಕ್ಕಿಂತ ಹೆಚ್ಚು. “ಕೈ ಕುಲುಕಿದ್ರೆ ಕೈಗೆ ಹತ್ತುತ್ತೆ. ಹೆಗಲಿಗೆ ಹೇಗೆ ಹತ್ತಿತು ಪೋಲ್ಡಿ?” ಕೋಣೆಯಲ್ಲಿದ್ದ ಮೂವರಿಗೂ ಅದೇ ಹೊತ್ತಿಗೆ ಪೆನ್ಸಿಲ್ ಚೂಪು ಮಾಡುವ ಕೆಲಸ ನೆನಪಾಯಿತು. ಟ್ರಾಮ್‌ನಲ್ಲಿ ನೂಕುನುಗ್ಗಲಿತ್ತು ಎಂದೆ. “ಯಾವ ಟ್ರಾಮ್? ಕೆಳಗಿನ ಮಹಡಿಯಿಂದ ಬರುತ್ತಲ್ಲ, ಅದಾ?”

ನನ್ನ ಕೆಲಸ ಹೋಯಿತೆಂದೇ ಅಂದುಕೊಂಡೆ. ಇಲ್ಲಿ ಮದುವೆಯ ಉಂಗುರ ತೊಟ್ಟ ಹುಡುಗಿಯರು ಒಬ್ಬೊಬ್ಬರಾಗಿ ಮನೆ ಸೇರಿದ್ದಾರೆ. ಒಬ್ಬರನ್ನೂ ಯಾರೂ ಓಡಿಸಿದ್ದಲ್ಲ, ಗಂಡಂದಿರು ಸಾಕು ಎಂದರು, ಅಷ್ಟೆ. ಡಾಕ್ಟರ್ ಟ್ರೆಂಕ್ ಮಾತ್ರ ನನ್ನ ಎರಡು ವಾರದ ಲೆಕ್ಕವನ್ನು ಕಸದ ಬುಟ್ಟಿಗೆ ಹಾಕಿ, “ಕ್ರಿಸ್‌ಮಸ್ಸಿನೊಳಗೆ ಎಲ್ಲ ಹೊಸದಾಗಿ ಅಳೆದು ಕೊಡು. ರಾಜೀನಾಮೆ ಗೀಜೀನಾಮೆ ಬರೆದ್ರೆ ಒಲೆಗೆ ಹಾಕ್ತೀನಿ” ಎಂದರು. ನನಗೆ ಈ ಕೆಲಸ ಎಂದರೆ ಪ್ರಾಣ ಅಮ್ಮಾ. ಅವತ್ತು ಅದು ನನಗೇ ಸರಿಯಾಗಿ ಗೊತ್ತಾಯಿತು.

ಪಕ್ಕದ ಮನೆಯ ತ್ಸೆಹೆಟ್ನರ್ ಅತ್ತೆಗೆ ನನ್ನ ನೆನಪು ಹೇಳು. ನಿನ್ನ ಎರಡು ಮಂಡಿಗೂ ಒಂದೊಂದು ಮುತ್ತು.

ನಿನ್ನ ಮಗಳು,
ಲಿಯೊಪೋಲ್ಡಿನೆ

ಮರೆತಿದ್ದೆ: ಆ ಟ್ರಾಮಿನ ಹೆಸರು ಎಗೊನ್ ಸ್ಲಾಮಾ. ಮುಂದಿನ ಭಾನುವಾರ ನನ್ನ ಜೊತೆ ಊಟಕ್ಕೆ ಬರುತ್ತಾನೆ. ಮೂರು ಸಲ ಸೋಪು ಹಾಕಿ ತಿಕ್ಕಿಸಿ ಅಳೆದಿದ್ದೇನೆ, ನೀನು ಧೈರ್ಯವಾಗಿ ಕೈ ಕೊಡಬಹುದು. “ಮದುವೆ ಆದ್ಮೇಲೆ ಇವಳು ಕೆಲಸ ಬಿಡ್ತಾಳಲ್ಲ?” ಎಂದು ನೀನು ಕೇಳಿಯೇ ಕೇಳುತ್ತೀ. ದಯವಿಟ್ಟು ನನ್ನನ್ನು ಕೇಳಬೇಡ, ಅವನನ್ನೇ ಕೇಳು. “ಯಾಕೆ ಬಿಡಬೇಕು?” ಎಂದು ನನಗೆ ಹೇಳಿದ್ದಾನೆ. ನಿನ್ನೆದುರಿಗೆ ಬೇರೆ ಏನಾದರೂ ಹೇಳಿದರೆ, ಊಟ ಮುಗಿಸಿ ಒಬ್ಬನೇ ರೈಲು ಹತ್ತಲಿ.