ಮೊಲ ತಿನ್ನದ ಹೂವು

ಸ್ಯಾಂಟಾ ಕ್ಲಾರಿಟಾ
೩೦ ಮಾರ್ಚ್ ೧೯೯೮

ನನ್ನ ಮುದ್ದಿನ ರಕ್ಷಿತಾ,

ಅವ್ವನ ಆಶೀರ್ವಾದ. ನಿನ್ನೆಯಿಂದ ನೀನು ಫೋನ್ ಮಾಡುತ್ತಿದ್ದೀ, ನಾನು ಎತ್ತುತ್ತಿಲ್ಲ. ಫೋನಿನಲ್ಲಿ ಮುಖ ಕಾಣುವುದಿಲ್ಲ, ಆದರೂ ಧೈರ್ಯ ಬರಲಿಲ್ಲ.

ಶನಿವಾರ ನಿನ್ನ ಹೂವನ್ನು ಮೊಲ ತಿನ್ನಲಿಲ್ಲ. ನಾನು ಕಿತ್ತೆ. ಅಪ್ಪನಿಗೂ ಇನ್ನೂ ಹೇಳಿಲ್ಲ.

ಯುಗಾದಿಗೆ ಸ್ಯಾನ್ ಡಿಯಾಗೊ ಬಿಟ್ಟು ಬರಲಾಗದು ಎಂದೆಯಲ್ಲ, ಅದಕ್ಕೇ ನಾವಿಬ್ಬರೂ ಬಂದದ್ದು. ನೀನೋ ಹೋಳಿಗೆ ಡಬ್ಬಿಯ ಸಮೇತ ನಮ್ಮನ್ನು ಬೊರೇಗೊ ಮರುಭೂಮಿಗೆ ಒಯ್ದೆ, ಮೋಟೆಲಿನಲ್ಲಿ ಮಲಗಿಸಿದೆ. ಹಬ್ಬದ ಬೆಳಿಗ್ಗೆ ಮರಳಿನ ಮೇಲೆ ಬೋರಲು ಮಲಗಿ, ಭೂತಗನ್ನಡಿ ಹಿಡಿದು, ನೀನೂ ಮಲಗು ಎಂದೆ. ಇಳಕಲ್ ಸೀರೆ ಉಟ್ಟವಳು ಹೇಗೆ ಮಲಗಲಿ? ಕುಕ್ಕರಗಾಲಲ್ಲಿ ಕೂತು ಬಗ್ಗಿ ನಿನ್ನ ಗಾಜಿನೊಳಗಿಂದ ನೋಡಿದೆ. ಅಕ್ಕಿಕಾಳಿನಷ್ಟು ಬಿಳಿ ಹೂವು. ಎಸಳಿನ ಬುಡದಲ್ಲಿ ರೋಮವಿದ್ದರೆ ಅಪರೂಪದ್ದು, ಇಲ್ಲದಿದ್ದರೆ ಎಲ್ಲೆಲ್ಲೂ ಬೆಳೆಯುವಂಥದ್ದು ಎಂದೆ ನೀನು. ರೋಮವಿತ್ತು. ಕ್ಯಾಮೆರಾಕ್ಕೆ ಅಷ್ಟು ಚಿಕ್ಕದು ಸಿಗುವುದಿಲ್ಲ, ಕೀಳುವಂತೆಯೂ ಇಲ್ಲ, ನಿಮ್ಮ ಕಾಲೇಜಿನ ಟೀಚರ್ ಕಣ್ಣಾರೆ ನೋಡಿದರೆ ಆ ಮರುಭೂಮಿಯಲ್ಲೇ ಗಿಡ ಹುಡುಕುವ ಎರಡು ವರ್ಷದ ಕೆಲಸ ಸಿಗುತ್ತದೆ ಎಂದು ಕುಣಿದಾಡಿದೆ. ಸುತ್ತ ಹರಳುಕಲ್ಲು ಜೋಡಿಸಿ, ‘ಅವ್ವಾ, ಇದೊಂದ ಗಿಡಾ ಸಿಕ್ಕದ, ಬೀಜಾ ಆಗೂತನಾ ಇರಬೇಕು, ನೋಡ್ಕೋ’ ಎಂದು ನನ್ನನ್ನು ಕಾವಲಿಗೆ ಬಿಟ್ಟು, ಅಪ್ಪನ ಜೊತೆ, ಅಲ್ಲೇ ಹತ್ತಿರ ಬಿಡಾರ ಹೂಡಿದ್ದ ಟೀಚರನ್ನು ಕರೆತರಲು ಹೋದೆ.

ಮೋಟೆಲಿನಲ್ಲಿ ಹೂವಿಲ್ಲದೆ ನನ್ನ ಲಿಂಗಪೂಜೆ ಆಗಿರಲಿಲ್ಲ. ಊರಲ್ಲಿ ಯಾರ ಕಂಪೌಂಡಿನೊಳಗಾದರೂ ಕೈ ಹಾಕಿ ದೇವರಿಗೆಂದು ಹೂವು ತರುತ್ತಿದ್ದವಳು, ಕೇಳಿ ಅಭ್ಯಾಸವಿಲ್ಲ. ಕೈ ತಾನಾಗಿ ಹೋಯಿತು. ಗಿಡ ಬೇರು ಸಮೇತ ಬಂತು.

ನೀವು ಬಂದಾಗ ಕಲ್ಲುಗಳ ನಡುವೆ ಬರೀ ಮರಳು. ನೀನು ಮೊಲವನ್ನು ಬೈದೆ, ನಾನೂ ಜೊತೆಗೂಡಿ ಬೈದೆ. ಟೀಚರ್ ನಿನ್ನ ಹೆಗಲು ತಟ್ಟಿ, ಆಸೆಪಟ್ಟವರಿಗೆ ಹಾಗೇ ಕಾಣುತ್ತದೆ, ಸಾಮಾನ್ಯದ್ದೇ ಇದ್ದೀತು ಎಂದರು. ನಿನ್ನ ಮುಖ ಕೆಂಪಾಯಿತು. ನಮ್ಮವ್ವ ನೋಡಿದ್ದಾಳೆ, ಬೇಕಾದರೆ ಕೇಳಿ ಎಂದು ನನ್ನತ್ತ ತಿರುಗಿದೆ. ಚಾಳೀಸು ಹಾಕಿರಲಿಲ್ಲ, ನನಗೇನೂ ಕಾಣಲಿಲ್ಲ ಎಂದುಬಿಟ್ಟೆ. ಹೂವು ಆಗ ನನ್ನ ಕೈಚೀಲದಲ್ಲಿತ್ತು.

ಆಮೇಲೆ ನೀನು, ಪಾಪ ಅವ್ವ ಬಿಸಿಲಲ್ಲಿ ಕಾದಳು ಎಂದು ಮೊದಲ ಹೋಳಿಗೆ ನನಗೇ ಕೊಟ್ಟೆ. ಅದನ್ನೂ ತಿಂದೆ ನೋಡು, ನಾಚಿಕೆಗೆಟ್ಟವಳು. ಎರಡು ದಿನವಾಯಿತು, ಕನ್ನಡಿಯ ಮುಂದೆ ನಿಂತು ಕುಂಕುಮ ಇಟ್ಟುಕೊಳ್ಳಲು ಆಗುತ್ತಿಲ್ಲ.

ಹೂವು ಚೀಲದೊಳಗೇ ಪುಡಿಯಾಗಿದೆ. ಇನ್ನು ಉಳಿದದ್ದು ನನ್ನ ಮಾತೊಂದೇ. ಟೀಚರ್ ನಂಬರ್ ಕೊಡು. ನನ್ನ ಹರುಕುಮುರುಕು ಇಂಗ್ಲಿಷಿನಲ್ಲೇ ಹೇಳುತ್ತೇನೆ: ನನ್ನ ಮಗಳದು ಸುಳ್ಳಲ್ಲ, ರೋಮವಿತ್ತು, ನಾನು ಕಂಡೆ. ಅವರು ನಗಲಿ, ಬೈಯಲಿ.

ತಲೆ ತಗ್ಗಿಸಿ ಕೂತಿರುವ
ನಿನ್ನ ಅವ್ವ,
ಪ್ರೇಮವ್ವ

ತಾ.ಕ.: ಪೂಜೆಯ ಮಾತು ಸುಳ್ಳು. ನೀನು ಸ್ನಾನಕ್ಕೆ ಹೋಗಿದ್ದಾಗ ಮೋಟೆಲ್ ಬಾಗಿಲ ಬಳಿಯ ಕುಂಡದಿಂದ ಹೂವು ತಂದು ಪೂಜೆ ಮುಗಿಸಿದ್ದೆ. ಲಿಂಗವನ್ನು ಅಡ್ಡ ಇಟ್ಟುಕೊಂಡು ಬರೆದೆ. ಆ ಕೆಲಸ ತಪ್ಪಿದರೆ ನೀನು ಮನೆಗೆ ಬರುತ್ತೀ ಎಂದು ಕಿತ್ತೆ.