ಅರವತ್ತೊಂದನೆಯ ಪುಟದ ಫೋಟೊ

ತೋಲಾರ್ ಚಿಕೊ,
ಮಂಗಳವಾರ, ನವೆಂಬರ್ 11

ಪ್ರೀತಿಯ ರೆಮಿಹಿಯೊ ಅಣ್ಣಾ,

ನಿನ್ನ ಹಲ್ಲುನೋವು ಹೇಗಿದೆ? ಹೊರಡುವ ದಿನ ಎಡದವಡೆ ಊದಿಕೊಂಡಿತ್ತೆಂದು ಅಜ್ಜಿ ಇನ್ನೂ ಹೇಳುತ್ತಿರುತ್ತಾಳೆ. ನಗರದಲ್ಲಿ ದಂತವೈದ್ಯರಿಗೇನೂ ಬರವಿಲ್ಲ. ಇಷ್ಟರಲ್ಲಿ ತೋರಿಸಿಕೊಂಡಿರುವೆಯೆಂದು ನಂಬಿದ್ದೇನೆ. ಇಲ್ಲಿ ಅಜ್ಜಿ ಕ್ಷೇಮ. ಬೆಳಗಿನ ಚಳಿಗೆ ಅವಳ ಮಂಡಿ ಮಡಚುವುದಿಲ್ಲ, ಆದರೂ ಲಾಮಾಗಳನ್ನು ಕರಿಕಣ್ಣಿನ ಒರತೆಯವರೆಗೆ ತಾನೇ ಹೊಡೆದುಕೊಂಡು ಹೋಗುತ್ತಾಳೆ. ನಾನು ಹೋಗುತ್ತೇನೆಂದರೆ "ನೀನು ಓದ್ದೋಳು, ಅವು ನಿನ್ ಮಾತು ಕೇಳಲ್ಲ" ಎನ್ನುತ್ತಾಳೆ. ಕಂದು ಬಣ್ಣದ ಹೆಣ್ಣು ಗಬ್ಬವಾಗಿದೆ, ಜನವರಿಯಲ್ಲಿ ಈಯಬಹುದು. ಮಳೆ ಇನ್ನೂ ದೂರ. ಈ ತಿಂಗಳಲ್ಲಿ ಊರ ಸುತ್ತ ಹಸಿರು ಉಳಿದಿರುವುದು ಕರಿಕಣ್ಣಿನ ದಂಡೆಯಲ್ಲಿ ಮಾತ್ರ. ನಮ್ಮ ಅರವತ್ತು, ಉಳಿದ ಹನ್ನೊಂದು ಮನೆಗಳ ಐನೂರು, ಅಷ್ಟೂ ಬಾಯಿಗಳು ಅಲ್ಲಿಗೇ ಬರುತ್ತವೆ.

ವಿಶ್ವವಿದ್ಯಾಲಯದ ಫಲಿತಾಂಶ ನಿನಗೆ ತಿಳಿದಿದೆ. ಭೂವಿಜ್ಞಾನ ವಿಭಾಗಕ್ಕೇ ನಾನು ಮೊದಲಿಗಳು. ಅಂತರ್ಜಲದ ಪತ್ರಿಕೆಯಲ್ಲಿ ನನಗೆ ಬಂದಷ್ಟು ಅಂಕ ಕಳೆದ ಒಂಬತ್ತು ವರ್ಷಗಳಲ್ಲಿ ಯಾರಿಗೂ ಬಂದಿಲ್ಲವಂತೆ. ಇದನ್ನು ಜಂಬಕ್ಕಾಗಿ ಬರೆಯುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಜಂಬಕ್ಕಾಗಿಯೇ ಬರೆಯುತ್ತಿದ್ದೇನೆ. ಐದು ವರ್ಷ ನನ್ನ ಓದಿಗಾಗಿ ನೀನು ಉಪ್ಪಿನ ಬಯಲಿನಲ್ಲಿ ಕೊಡಲಿ ಹಿಡಿದು ಉಪ್ಪಿನ ಗಟ್ಟಿ ಕಡಿದೆ, ಬೆರಳ ಸಂದಿಗಳು ಬಿರಿದು ರಕ್ತ ಒಸರುವಾಗ ಕೊಬ್ಬು ಸವರಿ ಬಟ್ಟೆ ಸುತ್ತಿಕೊಂಡು ಮತ್ತೆ ಕಡಿದೆ. ಆ ಜಂಬದ ಅರ್ಧ ನಿನ್ನದು. ಆದರೆ ಫಲಿತಾಂಶ ಹೇಳಲು ನಾನು ಫೋನ್ ಮಾಡಿದ ದಿನ ನಿನ್ನ ಬಾಯಿಂದ ಬಂದದ್ದು ಇಷ್ಟೇ: "ಸಂತೋಷ ಕಣೇ, ಮೀಟಿಂಗಲ್ಲಿದೀನಿ, ಆಮೇಲೆ ಮಾಡ್ತೀನಿ." ಆ 'ಆಮೇಲೆ' ಇನ್ನೂ ಬಂದಿಲ್ಲ. ಮತ್ತೆ ನಾನಾಗಿ ಮಾಡಿದಾಗ, ವರದಿ ಎಂಬ ಮಾತು ಎತ್ತಿದ ಕೂಡಲೇ ನಿನಗೆ ಸಿಗ್ನಲ್ ಹೋಗುತ್ತದೆ. ಬೆಟ್ಟದ ಮೇಲೆ ಕಲ್ಲುಗುಡ್ಡೆಯ ಪಕ್ಕ ನಿಂತು ಮಾತಾಡುವ ನನಗೆ ಸಿಗ್ನಲ್ ಇರುತ್ತದೆ, ನಾಲ್ಕಂತಸ್ತಿನ ಹೋಟೆಲಿನಲ್ಲಿರುವ ನಿನಗೆ ಇರುವುದಿಲ್ಲ. ಅದಕ್ಕಾಗಿ ಈ ಕಾಗದ. ಸಿಕ್ಸ್ತೊ ಮಾವ ನಾಳೆ ಉಪ್ಪಿನ ಲಾರಿ ತರುವಾಗ ಇದನ್ನು ನಿನ್ನ ಕೈಗೇ ಕೊಡುತ್ತಾನೆ, ನೀನು ಕೊನೆಯವರೆಗೆ ಓದುವ ತನಕ ಎದುರಿಗೇ ಕೂತಿರುತ್ತಾನೆ.

ಲಿಥಿಯಂ ಹುಡುಕಲು ಬಂದಿರುವ ಕಂಪನಿಯ ವರದಿಯನ್ನು ನಾನು ಓದಿದೆ ಅಣ್ಣಾ. ಗಣಿ ಕಚೇರಿಯಲ್ಲಿ ಮೂವತ್ತು ದಿನ ಸಾರ್ವಜನಿಕರ ನೋಟಕ್ಕೆ ಇಟ್ಟಿದ್ದಾರೆ. ಬಾಗಿಲ ಹಿಂದಿನ ಮೇಜಿನ ಮೇಲೆ ಅದು ಮುಚ್ಚಿಯೇ ಇತ್ತು. ನನಗಿಂತ ಮೊದಲು ಯಾರೂ ತೆರೆದಂತಿರಲಿಲ್ಲ. ಇನ್ನೂರ ಹದಿನಾಲ್ಕು ಪುಟ. ಎರಡು ದಿನ ನಿಂತೇ ಓದಿದೆ, ಏಕೆಂದರೆ ಅಲ್ಲಿ ಕುರ್ಚಿ ಕೊಡುವುದಿಲ್ಲ. ಮೊದಲ ವರ್ಷ ಜಾಡಿಗಳಲ್ಲಿ ಉಪ್ಪುನೀರು ತುಂಬಿಕೊಂಡು ಹೋದದ್ದು, ಎರಡನೆಯ ವರ್ಷ ಬಯಲಿನ ಮೇಲೆ ಚೌಕಚೌಕವಾಗಿ ತಂತಿ ಹಾಸಿ ನೆಲದಾಳದ ನೀರನ್ನು ಅಳೆದದ್ದು, ಎಲ್ಲವೂ ಅದರಲ್ಲಿದೆ. ಅದರಲ್ಲಿ ತಪ್ಪು ಹುಡುಕಲು ಹೋದೆ, ಸಿಗಲಿಲ್ಲ. ಅಳತೆ ಚೆನ್ನಾಗಿಯೇ ಮಾಡಿದ್ದಾರೆ. ಮುಂದಿನದು ಕೊರೆಯುವ ಹಂತ. ಐದು ಬಾವಿ. ಮೂರನೆಯದು ಕರಿಕಣ್ಣಿನಿಂದ ನಾನೂರು ಮೀಟರ್ ದೂರದಲ್ಲಿ, ಮತ್ತು ಅದರಿಂದ ಹಗಲಿರುಳು ಮೂವತ್ತು ದಿನ ಉಪ್ಪುನೀರನ್ನು ಪಂಪಿನಿಂದ ಎಳೆದು ನೋಡುತ್ತಾರೆ.

ನಾನೂರು ಮೀಟರ್ ಎಂದರೇನೆಂದು ನಿನಗೆ ಹೇಳಬೇಕು, ಏಕೆಂದರೆ ನಿನಗೆ ಹೇಳಬೇಕಾದವರು ಊಟ ಹಾಕಿ ಕಳಿಸಿದ್ದಾರೆ. ಅಜ್ಜಿ ಮಾಂಸದ ಸಾರು ಇಳಿಸಿಟ್ಟಾಗ ಮೇಲೆ ಕೊಬ್ಬಿನ ತೆಳುಪದರ ನಿಲ್ಲುತ್ತದಲ್ಲ, ನಮ್ಮ ಸಿಹಿನೀರು ನಿಂತಿರುವುದೂ ಹಾಗೆಯೇ. ಕೆಳಗೆ ಲಿಥಿಯಂ ಕರಗಿದ ಭಾರದ ಉಪ್ಪುನೀರು. ಬೆಟ್ಟದಿಂದ ಇಳಿದುಬಂದ ಹಗುರಾದ ಸಿಹಿನೀರು ಬಯಲಿನ ಅಂಚಿನಲ್ಲಿ ಅದರ ಮೇಲೆ ತೇಲಿ, ದಾರಿ ಸಿಕ್ಕಲ್ಲಿ ಒರತೆಯಾಗಿ ಕಣ್ಣು ಬಿಡುತ್ತದೆ. ಅಡಿಯಿಂದ ಸಾರನ್ನು ಹೀರಿದರೆ ಮೇಲಿನ ಕೊಬ್ಬು ತಾನಿದ್ದಲ್ಲೇ ಇರುವುದಿಲ್ಲ. ಎರಡು ಬೆರಳಷ್ಟು ಇಳಿದರೂ ಸಾಕು, ಕರಿಕಣ್ಣು ಮುಚ್ಚುತ್ತದೆ. ಮೂವತ್ತು ದಿನದ ನಂತರ ಪಂಪು ನಿಲ್ಲಿಸಬಹುದು; ಮುಚ್ಚಿದ ಕಣ್ಣು ಮತ್ತೆ ತೆರೆಯುವುದೇ ಎಂಬ ಪ್ರಶ್ನೆಗೆ ಇನ್ನೂರ ಹದಿನಾಲ್ಕು ಪುಟಗಳಲ್ಲಿ ಒಂದು ಸಾಲಿನ ಉತ್ತರವೂ ಇಲ್ಲ. ಅಲ್ಲೇ ಎದುರಾದ ಕಂಪನಿಯ ಇಂಜಿನಿಯರ್ ಬಲ್ದೇರಾಮಾರನ್ನು ಕೇಳಿದೆ. "ಇದು ಬರೀ ಅನ್ವೇಷಣೆ ಕಣಮ್ಮಾ, ಹುಡುಕಿ ನೋಡೋದು ಅಷ್ಟೇ. ಸಿಗದಿದ್ರೆ ಸಾಮಾನು ಕಟ್ಕೊಂಡು ಹೋಗ್ತೀವಿ" ಎಂದರು. ಸಿಕ್ಕರೆ? ಎಂದೆ. ಕಾಫಿ ಕುಡೀತೀಯಾ ಎಂದರು.

ಇಷ್ಟರವರೆಗಿನದು ಅವರ ಕೆಲಸ. ಅವರ ಮೇಲಿನ ಕೋಪವನ್ನು ಅವರಿಗೇ ಬರೆಯುತ್ತೇನೆ. ಅರವತ್ತೊಂದನೆಯ ಪುಟ ಮಾತ್ರ ನಿನ್ನದು.

ಆ ಪುಟದಲ್ಲಿ ಒಂದು ಫೋಟೊ. ಆಗಸ್ಟ್ ಒಂದನೆಯ ತಾರೀಖು, ನಮ್ಮ ಅಂಗಳ, ಭೂತಾಯಿ ಪಾಚಮಾಮಾಗೆ ಉಣಿಸಲು ಅಗೆದು ತೆರೆದ ನೆಲದ ಬಾಯಿ. ಬಲ್ದೇರಾಮಾ ಮಂಡಿಯೂರಿದ್ದಾರೆ, ಎರಡು ಕೈಯಲ್ಲಿ ಕೋಕಾ ಎಲೆ. ಆ ಕೈಗಳ ಕೆಳಗೆ ಅಜ್ಜಿಯ ಕೈ, ಹಿಂದೆ ಅವರ ಭುಜದ ಮೇಲೆ ನಿನ್ನ ಕೈ. ಕೆಳಗಿನ ಬರಹವನ್ನು ಅಕ್ಷರ ಬಿಡದೆ ನಕಲು ಮಾಡಿಕೊಂಡು ಬಂದಿದ್ದೇನೆ: "ತೋಲಾರ್ ಚಿಕೊ ಸಮುದಾಯವು ತನ್ನ ಪೂರ್ವಜರ ವಿಧಿಯ ಮೂಲಕ ಐದು ಬಾವಿಗಳ ಕೊರೆತಕ್ಕೆ ಒಪ್ಪಿಗೆ ನೀಡುತ್ತಿರುವುದು." ಅದರ ಕೆಳಗೆ ಅಧ್ಯಕ್ಷನೆಂದು ನಿನ್ನ ಸಹಿ. ರೆಮಿಹಿಯೊ ಅಲನ್ಕಾಯ್. ಬಾಲ ಎಳೆದು, ಅಂದವಾಗಿ.

ಆ ದಿನ ಪರೀಕ್ಷೆಯೆಂದು ನಾನು ಊರಿನಲ್ಲಿರಲಿಲ್ಲ. ಇದ್ದವರೆಲ್ಲ ನನಗೆ ಹೇಳಿದ್ದು ಒಂದೇ ಕಥೆ. ಕಂಪನಿಯವರು ನಾಲ್ವರು ಬಂದರು, ತಾವಾಗಿ ಮೆಕ್ಕೆಜೋಳದ ಹೆಂಡ ಚಿಚಾ ತಂದರು, ಉಣಿಸಲು ಅಪ್ಪಣೆ ಕೇಳಿದರು. ಬಾಯಿ ತೆರೆದಿರುವಾಗ ಬಂದವರನ್ನು ಬೇಡವೆನ್ನುವ ವಾಡಿಕೆ ನಮ್ಮಲ್ಲಿಲ್ಲ. ನಮ್ಮ ಲೆಕ್ಕದಲ್ಲಿ ಆ ಬಾಯಿಗೆ ಕೈಯಿಟ್ಟವನು ತಾನೇ ಮಾತು ಕೊಟ್ಟಂತೆ: ಇವಳ ಮೈಗೆ ನೋವು ಮಾಡುವುದಿಲ್ಲ, ಮಾಡುವಂಥದ್ದಿದ್ದರೆ ಮೊದಲು ಬಂದು ಕೇಳುತ್ತೇನೆ ಎಂದು. ಹೊರಗಿನಿಂದ ಸೊಸೆಯಾಗಿ ಬಂದವಳೂ ಹಾಗೆಯೇ ನಮ್ಮವಳಾಗುತ್ತಾಳೆ, ಅವಳಿಂದ ಯಾರೂ ಕಾಗದ ಬರೆಸಿಕೊಳ್ಳುವುದಿಲ್ಲ. ಆದ್ದರಿಂದಲೇ ಇವರಿಂದಲೂ ಯಾರೂ ಬರೆಸಿಕೊಳ್ಳಲಿಲ್ಲ. ಸೆಪ್ಟೆಂಬರಿನಲ್ಲಿ ಅವರು ಕೊರೆಯುವ ಯಂತ್ರದ ಜಾಗಕ್ಕೆ ಗೂಟ ಹೊಡೆಯುವಾಗಲೂ ಕೇಳಲಿಲ್ಲ. "ಉಣಿಸಿದ ಕೈ ಅಲ್ವಾ ಮಗಳೇ, ಅದರ ಮೇಲೆ ಬೀಗ ಹಾಕೋದುಂಟಾ?" ಎಂದ ಸಿಕ್ಸ್ತೊ ಮಾವ. ಇದು ಪೆದ್ದುತನವೆಂದು ನಗರದವರು ನಗಬಹುದು. ನನಗೆ ನಗು ಬರಲಿಲ್ಲ. ಈ ಊರಿನಲ್ಲಿ ಈವರೆಗೆ ಆ ಬಾಯಿಗೆ ಕೈಯಿಟ್ಟು ಮಾತು ಮುರಿದವರು ಯಾರೂ ಇರಲಿಲ್ಲ, ಅದಕ್ಕೆ ಕಾಗದ ಬೇಕಾಗಿರಲಿಲ್ಲ.

ಫೋಟೊದ ನಕಲನ್ನು ಅಜ್ಜಿಗೆ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿ, "ಕೈ ಚೆನ್ನಾಗಿ ಬಂದಿದೆ. ನನ್ ಮುಖ ಯಾಕೆ ಕತ್ತರಿಸಿದಾರೆ?" ಎಂದಳು. ಕೆಳಗಿನ ಸಾಲು ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದಳು. ಓದಿದೆ. ಕೋಕಾ ಎಲೆಯ ನಾರು ಬಿಡಿಸುತ್ತ ಹೇಳಿದಳು: "ಅಲ್ವೇ, ಕೊಟ್ಟೋನು ಅವನು. ತಗೊಂಡೋಳು ಭೂಮಿ. ನಾವು ಅವನಿಗೆ ಏನು ಕೊಟ್ವಿ ಅಂತ ಇವರು ಬರ್ಕೊಂಡಿದಾರೆ?" ಐದು ವರ್ಷ ಓದಿದ ನನಗೆ ಅದಕ್ಕಿಂತ ಸ್ಪಷ್ಟವಾದ ತಕರಾರು ಅರ್ಜಿ ಬರೆಯಲು ಬಂದಿಲ್ಲ. ನೀನು ಸಹಿ ಮಾಡಿದ್ದೆ ಎಂಬುದನ್ನು ಅವಳಿಗೆ ಹೇಳಲೇಬೇಕಾಯಿತು. "ಓದದೇ ಮಾಡಿರ್ತಾನೆ" ಎಂದಳು. ಅಣ್ಣಾ, ನೀನು ಓದದೆ ಸಹಿ ಮಾಡುವವನಲ್ಲ. ಹಾಸ್ಟೆಲಿನ ಅರ್ಜಿಯಲ್ಲಿ ನನ್ನ ಹೆಸರಿನ ಒಂದು ಅಕ್ಷರ ತಪ್ಪಿದ್ದಕ್ಕೆ ಗುಮಾಸ್ತನನ್ನು ಎಬ್ಬಿಸಿ ಹೊಸ ಹಾಳೆ ತರಿಸಿದವನು ನೀನು. ಅಜ್ಜಿ ನಿನಗಾಗಿ ಹುಡುಕಿಕೊಂಡ ಆ ನೆಪವನ್ನು ನಾನು ಒಪ್ಪಲಾರೆ, ನೀನೂ ಬಳಸಬೇಡ.

ಒಮ್ಮೆ ಮಾತ್ರ ನೀನು ಉತ್ತರ ಕೊಟ್ಟೆ, "ಒಂದು ಫೋಟೊಗೆ ಇಷ್ಟೊಂದು ಹಾರಾಡ್ತೀಯಲ್ಲೇ! ಕೆಲಸ ಬರುತ್ತೆ ಕಣೇ, ಹುಡುಗ್ರು ಊರು ಬಿಡೋದು ನಿಲ್ಲುತ್ತೆ" ಎಂದು. ಎರಡನೆಯ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ನಮ್ಮ ಶಾಲೆಯಲ್ಲಿ ಈ ವರ್ಷ ಏಳೇ ಮಕ್ಕಳು. ಅವರ ಅಪ್ಪಂದಿರಲ್ಲಿ ನಾಲ್ವರು ದೂರದ ಹೊಗೆಸೊಪ್ಪಿನ ತೋಟಗಳಲ್ಲಿದ್ದಾರೆ. ನಿನಗೆ ಆ ಸಂಕಟವಿತ್ತೆಂದು ಬಲ್ಲೆ. ಇದ್ದರೆ ಸಭೆ ಕರೆದು ಹೇಳಬೇಕಿತ್ತು. ಬಾವಿ ಬೇಕು, ನೀರು ಹೋದರೂ ಹೋಗಲಿ, ಕೆಲಸ ಬರಲಿ ಎಂದು ಎದ್ದು ನಿಂತು ಹೇಳಬೇಕಿತ್ತು. ನಾವು ಬೈಯುತ್ತಿದ್ದೆವು, ನೀನು ಬೈಯುತ್ತಿದ್ದೆ, ಕೊನೆಗೆ ಕೈಯೆತ್ತಿ ತೀರ್ಮಾನಿಸುತ್ತಿದ್ದೆವು. ಅದನ್ನು ಬಿಟ್ಟು ಅಜ್ಜಿಯ ಕೈಯನ್ನು ಮುಂದಿಟ್ಟು ಅದರ ಮರೆಯಲ್ಲಿ ಸಹಿ ಮಾಡಿದೆ. ನನ್ನ ಸಿಟ್ಟೆಲ್ಲ ಇಲ್ಲಿದೆ. ಈಗ ಸಮುದಾಯ ನಾಯಕರ ತರಬೇತಿಯೆಂದು ಒಂದು ತಿಂಗಳು ಕಂಪನಿಯವರ ಹೋಟೆಲಿನಲ್ಲಿದ್ದೀಯ. ಸಿಕ್ಸ್ತೊ ಮಾವ ಲಾರಿಗೆ ಉಪ್ಪು ಹೇರುತ್ತ ಕೇಳಿದ: "ನಿಮ್ಮಣ್ಣ ದಿನಾ ಬಿಸಿನೀರಲ್ಲಿ ಸ್ನಾನ ಮಾಡ್ತಾನಂತಲ್ಲ? ಬರುವಾಗ ಚರ್ಮ ಒಂದಿಷ್ಟು ಉಳಿಸ್ಕೊಂಡು ಬರ್ಲಿ ಅಂತ ಬರಿಯವ್ವ." ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ನಿನ್ನನ್ನು ನೋಡಿ ಊರು ನಗುವಂತಾಯಿತಲ್ಲ ಎಂದು ಅಲ್ಲಿಂದ ಎದ್ದು ಬಂದೆ.

ಈಗ ಆಗಬೇಕಾದ್ದನ್ನು ಕೇಳು. ತಕರಾರು ಸಲ್ಲಿಸಲು ಕೊನೆಯ ದಿನ ಸೋಮವಾರ, ಹದಿನೇಳು. ಅದು ತಪ್ಪಿದರೆ ಡಿಸೆಂಬರ್ ಮೊದಲ ವಾರ ಮೂರನೆಯ ಬಾವಿಯಿಂದಲೇ ಕೊರೆತ ಶುರು. ಕಚೇರಿಯಲ್ಲಿ ಮೂರು ಸಲ ಬೇರೆ ಬೇರೆ ರೀತಿಯಲ್ಲಿ ಕೇಳಿದ್ದೇನೆ: ಒಪ್ಪಿಗೆಯನ್ನು ಹಿಂತೆಗೆಯಬೇಕಾದವನು ಸಹಿ ಮಾಡಿದವನೇ, ಸಭೆಯ ಪುಸ್ತಕದಲ್ಲಿ, ಸಭೆಯ ಎದುರು. ಉಪಾಧ್ಯಕ್ಷನಾದ ಸಿಕ್ಸ್ತೊ ಮಾವನ ಸಹಿ ನಡೆಯದು, ನನ್ನದಂತೂ ಯಾವ ಲೆಕ್ಕಕ್ಕೂ ಇಲ್ಲ. ಸಭೆಯನ್ನು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕರೆದಿದ್ದೇವೆ. ಲಾರಿ ಶುಕ್ರವಾರ ಹಿಂದಿರುಗುತ್ತದೆ, ಪಕ್ಕದ ಸೀಟು ಖಾಲಿಯಿರುತ್ತದೆ. ನೀನು ಬಂದು ಹಿಂತೆಗೆದರೆ ನಿನ್ನ ಮಾನ ಹೋಗುತ್ತದೆಂದು ಹೆದರಬೇಡ. ಬಾರದೆ ಹೋದರೆ ಏನು ಹೋಗುತ್ತದೆಂಬುದನ್ನು ಬೇಕಿದ್ದರೆ ನಾನೂರು ಮೀಟರ್ ನಡೆದು ನೋಡಬಹುದು.

ಅಜ್ಜಿ ನಿನ್ನ ತಲೆ ಸವರಿ ಹರಸಿದ್ದಾಳೆಂದು ಬರೆಯಲು ಹೇಳಿದ್ದಾಳೆ. ಅವಳ ಪಾಲಿನದನ್ನು ಬರೆದಿದ್ದೇನೆ. ಒಣಮಾಂಸದ ಪೊಟ್ಟಣವೂ ಅವಳದೇ, ಹಲ್ಲು ವಾಸಿಯಾಗಿದ್ದರೆ ಮಾತ್ರ ತಿನ್ನು. ಉಣ್ಣೆಯ ಟೋಪಿ ನಾನು ಹೆಣೆದದ್ದು, ಸಿಟ್ಟಿಗಿಂತ ಮೊದಲು ಶುರುಮಾಡಿದ್ದೆ, ಆದ್ದರಿಂದ ಕಳಿಸುತ್ತಿದ್ದೇನೆ. ಭಾನುವಾರದವರೆಗೆ ನಿನ್ನನ್ನು ಅಣ್ಣನೆಂದೇ ಕರೆಯುತ್ತಿರುವ,

ನಿನ್ನ ತಂಗಿ,
ಲೂರ್ದೆಸ್

ತಾ.ಕ.: ಬೆಳಗಾಗಿದೆ, ಲಾರಿ ಹೊರಟು ನಿಂತಿದೆ, ಮಾವ ಹಾರ್ನ್ ಒತ್ತುತ್ತಿದ್ದಾನೆ. ಮೇಲಿನ ಅಷ್ಟೂ ಪುಟಗಳಲ್ಲಿ ಬರೆಯದೆ ಬಿಟ್ಟದ್ದನ್ನು ಬರೆದುಬಿಡುತ್ತೇನೆ. ವರದಿಯ ನಾಲ್ಕನೆಯ ಅನುಬಂಧದಲ್ಲಿರುವ ನಕ್ಷೆ ನನ್ನ ಪ್ರಬಂಧದ್ದು. ಎರಡು ಬೇಸಿಗೆ ಅಜ್ಜಿಯ ಹಿಂದೆ ನಡೆದು ಅಳೆದದ್ದು: ಯಾವ ಕಣ್ಣು ಎಲ್ಲಿ, ಎಷ್ಟು ಆಳಕ್ಕೆ ಸಿಹಿ, ಎಲ್ಲಿಂದ ಉಪ್ಪು. ಸಿಹಿನೀರಿನ ಪದರ ಎಲ್ಲಿ ಎಲ್ಲಕ್ಕಿಂತ ತೆಳುವೆಂದು ತೋರಿಸಿದವಳು ನಾನು. ಕಡಿಮೆ ಕೊರೆದರೆ ಸಾಕೆಂದು ಮೂರನೆಯ ಬಾವಿಯನ್ನು ಅವರು ಅಲ್ಲಿಗೇ ಇಟ್ಟರು. ಕೆಳಗೆ ನನ್ನ ಹೆಸರು ಹಾಕಿ ಕೃತಜ್ಞತೆ ಹೇಳಿದ್ದಾರೆ. ಬಲ್ದೇರಾಮಾ ಅದಕ್ಕೇ ನನ್ನ ಕೈ ಕುಲುಕಿ, ಇಷ್ಟು ಒಳ್ಳೆ ನಕ್ಷೆ ನಮ್ಮವರೇ ಮಾಡಿಲ್ಲ ಎಂದರು. ಆ ಗಳಿಗೆಯಲ್ಲಿ ನನಗೆ ಹೆಮ್ಮೆಯಾಯಿತು ಅಣ್ಣಾ. ಅಜ್ಜಿಗೆ ಇನ್ನೂ ಹೇಳಿಲ್ಲ. ಭಾನುವಾರ ನಿನ್ನ ಸಹಿಯ ಮಾತೆತ್ತುವ ಮೊದಲು ಎದ್ದು ನಿಂತು ಇದನ್ನು ಹೇಳುತ್ತೇನೆ. ಒಬ್ಬಳೇ ನಿಂತು ಹೇಳಲು ನನಗೆ ಆಗುವುದಿಲ್ಲ. ಬಾ.