ಅಮ್ಮನಿಗೆ ಸಿಗದ ಪಲ್ಯ

ನಾಗಪುರ, ಜೂನ್ ೨೦೦೭

ಪ್ರೀತಿಯ ಅಪ್ಪಾ,

ನಮ್ಮ ಕನ್ನಡ ಸಂಘದ ವೆಬ್‌ಸೈಟಿನ ಹುಡುಕಾಟದ ಮಾಹಿತಿಯನ್ನೆಲ್ಲ ಅದನ್ನು ನೋಡಿಕೊಳ್ಳುತ್ತಿದ್ದ ಹಳೆಯ ಕಂಪನಿಯಿಂದ ಹೊಸದಕ್ಕೆ ಸಾಗಿಸಿದೆ. ಅಲ್ಲಿರುವ ಪ್ರತಿ ಅಡುಗೆಯ ವಿಧಾನಕ್ಕೂ ಹುಡುಕುವ ಪದವಾಗಿ ನೀವು ‘ವಿಮಲಾ’ ಎಂದು ಅಮ್ಮನ ಹೆಸರು ಸೇರಿಸಿದ್ದಿರಿ. ಎಲ್ಲ ಕಡೆ ಇರುವ ಪದ ದಂಡ, ತೆಗೆಯಿರಿ ಎಂದರು ಹೊಸ ಕಂಪನಿಯವರು. ನಾನು ತೆಗೆಯಲಿಲ್ಲ. ಅಮ್ಮನಿಗೆ ಟೈಪು ಮಾಡಲು ಬರುವುದು ಅದೊಂದೇ ಅಲ್ಲವೇ?

ಹಾಗಲಕಾಯಿ ಪಲ್ಯಕ್ಕೆ ಮಾತ್ರ ಆ ಹೆಸರಿರಲಿಲ್ಲ. ಮರೆತಿದ್ದೀರೆಂದು ನಾನೇ ಸೇರಿಸಿಬಿಟ್ಟೆ.

"ಇಷ್ಟ ದಿನಾ ಇದು ಎಲ್ಲಿ ಅಡಗಿತ್ತ?" ಎಂದು ಅಮ್ಮ ಅದನ್ನು ಕಂಡು ಹಿಗ್ಗಿದಾಗ, ಬೇಕೆಂದೇ ಹೆಸರು ಬಿಟ್ಟಿದ್ದ ನಿಮ್ಮ ಜಾಣತನ ಹೊಳೆಯಿತು. ನೀವು ಹುಬ್ಬಳ್ಳಿಯಿಂದ ಬರುವ ದಿನಕ್ಕೆಂದು ಇಲ್ಲಿನ ಕಳಮನಾ ಮಂಡಿಯಿಂದ ಒಂದು ಚೀಲ ಹಾಗಲಕಾಯಿ ತರಿಸಿದ್ದಾಳೆ.

ಬರುವಾಗ ಬೆಲ್ಲ ತನ್ನಿ. ಜಾಸ್ತಿಯೇ ತನ್ನಿ.

ನಿಮ್ಮ ಮಗಳು,
ಗೌತಮಿ